ಬೇಯಿಸಿದ ಸೇಬೂ ಇಸುಬನ್ನು ಕೆರಳಿಸಬಲ್ಲದು

ಇಸುಬು, ಅಂದರೆ ಎಕ್ಸಿಮಾ ಇರುವವರ ಚರ್ಮದ ಹೊರಪದರ ದುರ್ಬಲ. ನೀರಿನಂಶ ಹೊರಹೋಗುತ್ತದೆ, ಪರಾಗದಂಥ ಅಲರ್ಜಿಕಾರಕಗಳು ಒಳನುಗ್ಗುತ್ತವೆ. ಮಧ್ಯ ಮತ್ತು ಉತ್ತರ ಯುರೋಪಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಬರ್ಚ್ ಮರಗಳ ಪರಾಗ ಗಾಳಿಯನ್ನು ತುಂಬುತ್ತದೆ. ಹಿಮಾಲಯದ ಭೂರ್ಜವೂ ಇದೇ ಕುಲದ್ದು. ಆ ದಿನಗಳಲ್ಲಿ ಸೀನು, ಕಣ್ಣುರಿಯ ಜೊತೆಗೆ ಕೆಲವರ ಇಸುಬೂ ಉಲ್ಬಣಿಸುತ್ತದೆ.

ಬರ್ಚ್ ಪರಾಗದ ಮುಖ್ಯ ಅಲರ್ಜಿಕಾರಕ 'ಬೆಟ್ ವಿ 1' ಎಂಬ ಪ್ರೋಟೀನು. ಇದನ್ನು ಬಹುಪಾಲು ಹೋಲುವ ಪ್ರೋಟೀನುಗಳು ಸೇಬು, ಚೆರ್ರಿ, ಹೇಜಲ್‌ನಟ್, ಕ್ಯಾರೆಟ್, ಸೆಲರಿ, ಸೋಯಾಗಳಲ್ಲೂ ಇವೆ. ಹಾಗಾಗಿ ಪರಾಗದ ವಿರುದ್ಧ ಸಿದ್ಧವಾದ ದೇಹ ಹಸಿ ಸೇಬನ್ನೂ ವೈರಿಯೆಂದೇ ಬಗೆಯುತ್ತದೆ. ತಿಂದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ, ಗಂಟಲು ತುರಿಸುತ್ತವೆ. ಬೇಯಿಸಿದರೆ ಈ ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ.

ಇಸುಬಿನ ಲೆಕ್ಕವೇ ಬೇರೆ. ಬಾಯಿ ತುರಿಕೆಗೆ ಕಾರಣವಾದ 'ಐಜಿಇ' ಪ್ರತಿಕಾಯಗಳು ಪ್ರೋಟೀನಿನ ಆಕಾರವನ್ನು ಗುರುತಿಸುತ್ತವೆ. ಬಿಸಿಗೆ ಆ ಆಕಾರ ಕೆಡುತ್ತದೆ. ಆದರೆ ಇಸುಬಿನಲ್ಲಿ ಪಾತ್ರ ವಹಿಸುವ 'ಟಿ ಕೋಶ'ಗಳೆಂಬ ರೋಗನಿರೋಧಕ ಕೋಶಗಳು ನೋಡುವುದು ಪ್ರೋಟೀನಿನ ಸಣ್ಣ ತುಣುಕುಗಳಲ್ಲಿನ ಅಮೈನೋ ಆಮ್ಲಗಳ ಸಾಲನ್ನು. ಬೇಯಿಸಿದರೂ ಆ ಸಾಲು ಉಳಿದಿರುತ್ತದೆ. ಬರ್ಚ್ ಅಲರ್ಜಿಯ ಜೊತೆ ಇಸುಬೂ ಇದ್ದ ರೋಗಿಗಳಿಗೆ ಬೇಯಿಸಿದ ಸೇಬು, ಕ್ಯಾರೆಟ್, ಸೆಲರಿ ಕೊಟ್ಟು ನೋಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವರ ಬಾಯಿ ತುರಿಸಲಿಲ್ಲ, ಚರ್ಮ ಮಾತ್ರ ಹದಗೆಟ್ಟಿತು. ಇಂಥ ಕೆರಳಿಕೆ ಕಾಣುವುದು ಸಾಮಾನ್ಯವಾಗಿ ಮರುದಿನವೋ ಅದರಾಚೆಗೋ. ಅಷ್ಟರಲ್ಲಿ ನಿನ್ನೆಯ ಸೂಪನ್ನು ಶಂಕಿಸುವವರು ಯಾರು? ರೋಗಿಯೂ ಎಷ್ಟೋ ಸಲ ವೈದ್ಯರೂ ಈ ನಂಟನ್ನು ಕಾಣದೇ ಹೋಗುವುದು ಹೀಗೆ.

ರಕ್ತಪರೀಕ್ಷೆಯಲ್ಲಿ ಐಜಿಇ ಕಂಡ ಮಾತ್ರಕ್ಕೆ ಆಹಾರವೇ ಕಾರಣವೆನ್ನಲಾಗದು. ಪ್ರತಿಕಾಯವಿದ್ದೂ ತೊಂದರೆಯಿಲ್ಲದವರು ಬಹಳ. ಶಂಕಿತ ಪದಾರ್ಥವನ್ನು ಕೆಲವು ವಾರ ಬಿಟ್ಟು, ವೈದ್ಯರ ಕಣ್ಗಾವಲಿನಲ್ಲಿ ಮತ್ತೆ ತಿನ್ನಿಸಿ, ಎರಡು ದಿನ ಚರ್ಮವನ್ನು ಗಮನಿಸುವುದೇ ನಂಬಬಹುದಾದ ದಾರಿ. ತಾವಾಗಿಯೇ ಹಲವು ಆಹಾರಗಳನ್ನು ಬಿಡುವುದು ಅಪಾಯ, ಮಕ್ಕಳಲ್ಲಂತೂ ಹೆಚ್ಚು: ಪೋಷಣೆ ಕುಗ್ಗುತ್ತದೆ, ಬಿಟ್ಟ ಆಹಾರವನ್ನು ಮುಂದೆ ತಿಂದಾಗ ತೀವ್ರ ಅಲರ್ಜಿಯೂ ಆಗಬಹುದು. ಆಹಾರ ಬದಲಿಸಿದರೂ ಚರ್ಮವನ್ನು ತೇವವಾಗಿಡುವ ಮುಲಾಮು, ವೈದ್ಯರು ಕೊಟ್ಟ ಔಷಧ ನಿಲ್ಲಬಾರದು.

ಕರ್ನಾಟಕದಲ್ಲಿ ಬರ್ಚ್ ಕಾಡುಗಳಿಲ್ಲ. ಹಾಗಾಗಿ ಇಲ್ಲಿಯೇ ಇರುವವರ ಇಸುಬಿಗೆ ಈ ಕಾರಣದಿಂದ ಸೇಬನ್ನು ದೂರುವಂತಿಲ್ಲ. ಜರ್ಮನಿ, ಸ್ವೀಡನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಕೆಲವು ವರ್ಷಗಳ ನಂತರ ಬರ್ಚ್ ಅಲರ್ಜಿ ಹೊಸದಾಗಿ ಶುರುವಾಗಬಹುದು. ವಸಂತದಲ್ಲಿ ಇಸುಬು ಕೆರಳಿದರೆ ಅಂಥವರು ಪರಾಗದ ಜೊತೆ ಊಟದ ವಿವರವನ್ನೂ ಚರ್ಮತಜ್ಞರಿಗೆ ತಿಳಿಸಬೇಕು.