ಪಲ್ಪರ್ ನೀರು ಮತ್ತು ಕೆಳಗಿನ ಬಾವಿ

ನಮ್ಮ ಮಲೆನಾಡಿನ ಹಿಡುವಳಿಗಳಲ್ಲಿ ಸಾಮಾನ್ಯವಾಗಿ ಕಾಫಿ ಮೇಲಿನ ಇಳಿಜಾರಿನಲ್ಲಿ, ಅಡಿಕೆ ಕೆಳಗಿನ ತಗ್ಗಿನಲ್ಲಿ, ಕುಡಿಯುವ ನೀರಿನ ಬಾವಿ ಅದರ ಅಂಚಿನಲ್ಲಿ ಇರುತ್ತದೆ. ಆದ್ದರಿಂದ ಮೇಲೆ ಇಂಗಿದ್ದು ಕೆಳಗೆ ಬರುತ್ತದೆಂಬುದನ್ನು ಸದಸ್ಯ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವು ಬಾವಿಗಳ ನೀರು ಸೇದಿದಾಗ ತಿಳಿಯಾಗಿಯೇ ಇದ್ದು, ಕೊಡದಲ್ಲಿ ಒಂದು ರಾತ್ರಿ ಕಳೆದರೆ ಕೆಂಪಾಗುತ್ತದೆ. "ನಮ್ಮ ಮಣ್ಣಿನ ಗುಣವೇ ಹೀಗೆ" ಎಂದು ಸುಮ್ಮನಾಗುವವರುಂಟು. ಮಣ್ಣಿನ ಪಾಲೂ ಇದೆ, ನಿಜ. ಆದರೆ ಬಾವಿಯ ಮೇಲ್ಭಾಗದಲ್ಲಿ ಪಲ್ಪರ್ ನೀರಿನ ಗುಂಡಿಯಿದ್ದರೆ ಮೊದಲು ಅದನ್ನು ನೋಡತಕ್ಕದ್ದು.

ಹಣ್ಣು ಪಲ್ಪ್ ಮಾಡಿ ತೊಳೆದ ನೀರಿನಲ್ಲಿ ಸಕ್ಕರೆ ಮತ್ತು ಲೋಳೆ ತುಂಬಿರುತ್ತವೆ. ನಿಂತರೆ ಹುಳಿಯಾಗುತ್ತದೆ, ಪಿ.ಹೆಚ್. ಸುಮಾರು 4ಕ್ಕೆ ಇಳಿಯುತ್ತದೆ. ಅದು ಕೊಳೆಯುವಾಗ ಲೀಟರಿಗೆ ಸಾವಿರಾರು ಮಿಲಿಗ್ರಾಂ ಆಮ್ಲಜನಕವನ್ನು ಹೀರುತ್ತದೆ. ಊರ ಚರಂಡಿ ನೀರಾದರೂ ಹೀರುವುದು ಕೆಲವು ನೂರು ಮಾತ್ರ! ಇಂಥ ನೀರು ಇಂಗಿದಲ್ಲಿ ಅಂತರ್ಜಲದ ಆಮ್ಲಜನಕ ಮುಗಿಯುತ್ತದೆ. ಆಗ ಕೆಮ್ಮಣ್ಣಿನಲ್ಲಿ ಕರಗದೆ ಕುಳಿತಿದ್ದ ಕಬ್ಬಿಣ, ಮ್ಯಾಂಗನೀಸ್ ಕರಗಿ ನೀರಿಗೆ ಸೇರುತ್ತವೆ. ಗಾಳಿ ತಾಗಿದ ಮೇಲೆ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ಕೊಡದ ಕೆಂಪು ಇದೇ.

ನೀರು ಬಾರದ ಕೊಳವೆ ಬಾವಿಗೆ ಪಲ್ಪರ್ ನೀರು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮಣ್ಣಿನ ಮೂಲಕ ಇಂಗುವ ನೀರು ಅಷ್ಟಿಷ್ಟಾದರೂ ಸೋಸಿಕೊಳ್ಳುತ್ತದೆ. ಕೊಳವೆಯಲ್ಲಿ ಇಳಿದದ್ದು ನೇರವಾಗಿ ಬಂಡೆಯ ಬಿರುಕು ಸೇರಿ ಯಾರ ಬಾವಿಯಲ್ಲಿ ಏಳುತ್ತದೋ ಹೇಳಲಾಗದು. ಅಂಥ ಕೊಳವೆಗೆ ಭದ್ರವಾದ ಮುಚ್ಚಳ ಹಾಕಿಸಿರಿ.

ಮಾಡಬೇಕಾದದ್ದು ಕಷ್ಟವೇನಲ್ಲ. ತೊಳೆಯುವ ನೀರನ್ನು ಮತ್ತೆ ಪಲ್ಪರಿಗೇ ತಿರುಗಿಸಿ ಬಳಸಿದರೆ ಹೊರಬೀಳುವ ಪ್ರಮಾಣವೇ ತಗ್ಗುತ್ತದೆ. ಸಿಪ್ಪೆಯನ್ನು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಹಾಕಿರಿ. ನೀರಿನ ಗುಂಡಿ ಬಾವಿಗಿಂತ ತಗ್ಗಿನಲ್ಲಿರಲಿ, ಕೆಳಮನೆಯವರ ಬಾವಿಯಿಂದಲೂ ದೂರವಿರಲಿ. ತಳಕ್ಕೆ ಜೇಡಿಮಣ್ಣು ಬಡಿದು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಇಂಗದಂತೆ ಮಾಡಿರಿ. ಸುಣ್ಣ ಬೆರೆಸಿ, ಪರೀಕ್ಷಾ ಕಾಗದದಲ್ಲಿ 7ರ ಹತ್ತಿರ ಬರುವವರೆಗೆ ನೋಡಬೇಕು. ಹುಳಿ ಹೋಗದೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಕೆಲಸ ಮಾಡವು. ಆಮೇಲೆ ಗಾಳಿಯಾಡುವ ಆಳವಿಲ್ಲದ ಎರಡನೆಯ ಗುಂಡಿಗೆ ಹರಿಸಬೇಕು.

ಮೈಲುತುತ್ತದ ಬಗ್ಗೆ ಕೇಳುವವರಿದ್ದಾರೆ. ತಾಮ್ರ ಬಹುಮಟ್ಟಿಗೆ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ಬೋರ್ಡೋ ದ್ರಾವಣವನ್ನು ಬಾವಿಕಟ್ಟೆಯ ಮೇಲೆ ಕಲಸದಿದ್ದರೆ ಸಾಕು. ಯೂರಿಯಾ ಹಾಗಲ್ಲ. ಗಿಡ ಬಳಸದೆ ಉಳಿದ ಸಾರಜನಕ ನೈಟ್ರೇಟ್ ಆಗಿ ಮಳೆನೀರಿನೊಡನೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿ.ಗ್ರಾಂ. ಜಡಿಮಳೆಯ ಮುಂದೆ ಗೊಬ್ಬರ ಹಾಕಬೇಡಿರಿ, ಕಂತುಗಳಲ್ಲಿ ಹಾಕಿರಿ. ಹಸುಗೂಸಿಗೆ ಪುಡಿಹಾಲು ಕಲಸುವ ಮನೆಯವರು ಬಾವಿ ನೀರನ್ನು ಪರೀಕ್ಷೆ ಮಾಡಿಸಲೇಬೇಕು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಬತ್ತಿದಷ್ಟೂ ಹೆಚ್ಚಾಗುತ್ತದೆ.