ಮಾಳಿಗೆಯ ಬಿಸಿಲು ಮತ್ತು ಮನೆಯ ವಿದ್ಯುತ್ ದರ

ಎಲ್ಲರ ಟೊಮ್ಯಾಟೊ ಒಂದೇ ವಾರ ಹಣ್ಣಾಗಿ ಕೋಲಾರದ ಮಾರುಕಟ್ಟೆ ಸೇರಿದರೆ ಧಾರಣೆ ಏನಾಗುವುದೆಂದು ರೈತ ಬಾಂಧವರಿಗೆ ಹೇಳಬೇಕಾಗಿಲ್ಲ. ಮಾಳಿಗೆಯ ಸೌರ ವಿದ್ಯುತ್ತಿನ ಕಥೆಯೂ ಹೆಚ್ಚುಕಡಿಮೆ ಅದೇ. ಎಲ್ಲ ಫಲಕಗಳೂ ನಡುಹಗಲಿನಲ್ಲೇ ಹೆಚ್ಚು ಉತ್ಪಾದಿಸುತ್ತವೆ. ದೀಪ ಹಚ್ಚುವ ಹೊತ್ತಿಗೆ ಒಂದೂ ಇಲ್ಲ.

2013ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಹಾಯಧನ ಪಡೆಯದ ಮಾಳಿಗೆ ಘಟಕಗಳ ವಿದ್ಯುತ್ತಿಗೆ ಯೂನಿಟ್ಟಿಗೆ ರೂ. 9.56 ನಿಗದಿ ಮಾಡಿತ್ತು. ಫಲಕಗಳ ಬೆಲೆ ಇಳಿದಂತೆ ಹೊಸ ಘಟಕಗಳಿಗೆ ಈ ದರವೂ ಇಳಿಯಿತು. ಆದುದರಿಂದ ವಿದ್ಯುತ್ ಮಾರಿ ಗಳಿಸುವ ಆಸೆ ಬಿಟ್ಟು, ಕೊಳ್ಳುವುದನ್ನು ಎಷ್ಟು ಉಳಿಸಬಹುದೆಂದು ಲೆಕ್ಕ ಹಾಕುವುದು ಲೇಸು.

ನೆಟ್ ಮೀಟರ್ ಇದ್ದರೆ ಹಗಲು ನಾವು ತಂತಿಗೆ ಕೊಟ್ಟ ಯೂನಿಟ್ಟುಗಳನ್ನು ರಾತ್ರಿ ಪಡೆದ ಯೂನಿಟ್ಟುಗಳಲ್ಲಿ ಕಳೆಯುತ್ತಾರೆ. ಮನೆಗೆ ಇದು ಲಾಭ. ಆದರೆ ತಂತಿ, ಪರಿವರ್ತಕ, ಸಂಜೆಯ ವಿದ್ಯುತ್ ಖರೀದಿ ಇವುಗಳ ಖರ್ಚು ಸರಬರಾಜು ಕಂಪನಿಗೆ ತಪ್ಪುವುದಿಲ್ಲ. ಅದನ್ನು ಯಾರಿಂದ ವಸೂಲು ಮಾಡುವುದು? 2025ರ ಏಪ್ರಿಲ್‌ನಲ್ಲಿ ಗೃಹಬಳಕೆಯ ಯೂನಿಟ್ ದರ ರೂ. 5.90ರಿಂದ 5.80ಕ್ಕೆ ಇಳಿಯಿತು, ಕಿಲೋವ್ಯಾಟ್ ಒಂದರ ಮಾಸಿಕ ನಿಗದಿತ ಶುಲ್ಕ ರೂ. 120ರಿಂದ 145ಕ್ಕೆ ಏರಿತು. ಸೌರಶಕ್ತಿಯೊಂದೇ ಇದಕ್ಕೆ ಕಾರಣವಲ್ಲ. ಆದರೂ ಬಳಕೆಯ ಮೇಲಿದ್ದ ಹೊರೆ ಸಂಪರ್ಕದ ಮೇಲೆ ಸರಿಯುತ್ತಿರುವುದು ಸ್ಪಷ್ಟ.

ಹೊತ್ತಿಗೂ ಬೆಲೆ ಬರುತ್ತಿದೆ. ಕೇಂದ್ರ ಸರ್ಕಾರ 2023ರಲ್ಲಿ ತಿದ್ದಿದ ನಿಯಮದಂತೆ, ಸ್ಮಾರ್ಟ್ ಮೀಟರ್ ಇರುವ ಮನೆಗಳಿಗೆ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ, ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ ಕನಿಷ್ಠ ಶೇ. 10ರಷ್ಟು ಹೆಚ್ಚು ಇರಬೇಕು. ಕೃಷಿ ಪಂಪ್‌ಸೆಟ್ಟುಗಳಿಗೆ ಇದು ಅನ್ವಯಿಸದು. ಇಂಥ ದರ ಬಂದ ಊರಿನಲ್ಲಿ ಫಲಕವಿಲ್ಲದವರೂ ತೊಟ್ಟಿಗೆ ನೀರೇರಿಸುವುದು, ಹಿಟ್ಟು ರುಬ್ಬುವುದು ಮುಂತಾದ ಕೆಲಸಗಳನ್ನು ಹಗಲಿನಲ್ಲೇ ಮುಗಿಸಿದರೆ ಉಳಿತಾಯವುಂಟು.

ಹಾಗಾದರೆ ಯಾರು ಹಾಕಿಸಬೇಕು? ತಿಂಗಳಿಗೆ 300 ಯೂನಿಟ್ ಉರಿಸುವ ಮನೆಗೆ 3 ಕಿಲೋವ್ಯಾಟ್ ಘಟಕ ಸಾಕು. ಕಿಲೋವ್ಯಾಟ್ ಒಂದಕ್ಕೆ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಷ್ಟು ನಿರೀಕ್ಷಿಸಬಾರದು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ ನಿಗದಿಯಾದ ಸಹಾಯಧನ ರೂ. 78,000. ಮೇಲಿನ ದರದಲ್ಲಿ ತಿಂಗಳಿಗೆ ಸುಮಾರು ರೂ. 1,740 ಉಳಿಯುತ್ತದೆ; ನಿಗದಿತ ಶುಲ್ಕ ರೂ. 435 ಮಾತ್ರ ತಪ್ಪದು. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಿರುವ ಮನೆಯವರು ಸಾಲ ಮಾಡಿ ಫಲಕ ಹಾಕಿಸುವುದು ನನ್ನ ಅಭಿಪ್ರಾಯದಲ್ಲಿ ಸಲ್ಲದು.

ಬಿಲ್ಲು ಕಟ್ಟುವವರು ಅದರಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಇಂದೇ ನೋಡಿಕೊಳ್ಳಿರಿ. 3 ಸಾಕಿದ್ದಲ್ಲಿ 5 ಕಿಲೋವ್ಯಾಟ್ ಇದ್ದರೆ 2025ರ ದರದಲ್ಲೇ ತಿಂಗಳಿಗೆ ರೂ. 290 ವೃಥಾ ಹೋಗುತ್ತದೆ.