ಎರಡು ಕತ್ತಿ, ಒಂದು ಲೆಕ್ಕ

ಈ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಬಂದಿದ್ದಳು. ಏಳನೇ ತರಗತಿ ಮುಗಿಸಿದ್ದಾಳೆ. ನಮ್ಮ ಕಮಲಾಪುರದ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಹತ್ತು ಗಂಟೆಗೇ ಹಂಪಿಯ ಬಂಡೆಗಳು ಕಾದ ಹೆಂಚಾಗಿರುತ್ತವೆ. ಹೀಗಾಗಿ ಮಧ್ಯಾಹ್ನವೆಲ್ಲ ಅವಳು ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಕೈಯಲ್ಲಿ ಹಿಡಿದಾಡುವ ವಿಡಿಯೋ ಗೇಮ್ ಮುಂದೆ ಕೂತಿರುತ್ತಿದ್ದಳು. ನಾನು ಕುರ್ಚಿಯಲ್ಲಿ ಪೇಪರ್ ಹಿಡಿದುಕೊಂಡು ತೂಕಡಿಸುತ್ತಿದ್ದೆ.

ಒಂದು ದಿನ ನನ್ನ ಮೊಣಕಾಲು ಹಿಡಿದು ಅಲ್ಲಾಡಿಸಿದಳು. "ತಾತ, ಎದ್ದೇಳು. ನೀನು ಬ್ಯಾಂಕಲ್ಲಿದ್ದೆ ತಾನೆ? ಈ ಎರಡು ಕತ್ತಿಯಲ್ಲಿ ಯಾವುದು ಇಟ್ಕೊಳ್ಳಲಿ, ಲೆಕ್ಕ ಹಾಕಿ ಹೇಳು."

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಯಾವ ಠೇವಣಿಗೆ ಹಣ ಹಾಕಲಿ ಎಂದು ಸಾವಿರಾರು ಜನ ಕೇಳಿದ್ದಾರೆ. ಯಾವ ಕತ್ತಿ ಇಟ್ಟುಕೊಳ್ಳಲಿ ಎಂದು ಕೇಳಿದವಳು ಇವಳೇ ಮೊದಲು. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತೆ.

ಆಟದ ಹೆಸರು 'ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್'. ಜಪಾನಿನ ನಿಂಟೆಂಡೊ ಕಂಪನಿ 2017ರ ಮಾರ್ಚ್ 3ರಂದು ಹೊರತಂದದ್ದು. ಲಿಂಕ್ ಎಂಬ ಹುಡುಗ 100 ವರ್ಷ ನಿದ್ದೆ ಮಾಡಿ ಎದ್ದಿದ್ದಾನೆ. ಅಷ್ಟರಲ್ಲಿ ಹೈರೂಲ್ ಎಂಬ ಅವನ ರಾಜ್ಯ ಹಾಳುಬಿದ್ದಿದೆ. ಗ್ಯಾನನ್ ಎಂಬ ಕೇಡಿಗನನ್ನು ರಾಜಕುಮಾರಿ ಜೆಲ್ಡಾ ಒಬ್ಬಳೇ ಕೋಟೆಯಲ್ಲಿ ತಡೆದು ಹಿಡಿದಿದ್ದಾಳೆ. ಲಿಂಕ್ ಶಕ್ತಿ ಕೂಡಿಸಿಕೊಂಡು ಅಲ್ಲಿಗೆ ಹೋಗಬೇಕು. ಪರದೆಯ ಮೇಲೆ ಮುರಿದ ಕಂಬ, ಹುಲ್ಲು ಬೆಳೆದ ಬೀದಿ, ಬರಿದಾದ ಪೇಟೆ. "ಇದೇನೇ, ನಮ್ಮ ಹಂಪಿ ಬಜಾರ್ ಇದ್ದಂಗಿದೆಯಲ್ಲ!" ಎಂದೆ. "ಹೌದು ತಾತ, ಅದಕ್ಕೇ ನಂಗೆ ಇಷ್ಟ" ಎಂದಳು.

ಈ ಆಟದಲ್ಲಿ ಒಂದು ವಿಶೇಷವಿದೆ. ನಮ್ಮ ಕಾಲದ ಕಥೆಗಳಲ್ಲಿ ರಾಜಕುಮಾರನ ಖಡ್ಗ ಎಂದೂ ಮುರಿಯುತ್ತಿರಲಿಲ್ಲ. ಇಲ್ಲಿ ಮುರಿಯುತ್ತದೆ. ಪ್ರತಿ ಕತ್ತಿಗೂ ಇಷ್ಟೇ ಏಟು ಎಂದು ಆಯಸ್ಸು ನಿಗದಿಯಾಗಿದೆ. ಮಾಸ್ಟರ್ ಸ್ವೋರ್ಡ್ ಎಂಬ ಒಂದು ಮಾತ್ರ ಮುರಿಯುವುದಿಲ್ಲ, ಆದರೆ ದಣಿದರೆ ಅದಕ್ಕೂ 10 ನಿಮಿಷ ವಿಶ್ರಾಂತಿ ಬೇಕು. ನನ್ನ ಮಧ್ಯಾಹ್ನದ ನಿದ್ದೆಗೆ ಇದೇ ಸಮರ್ಥನೆ ಎಂದುಕೊಂಡೆ.

ಈಗ ಇವಳ ತೊಂದರೆ ಕೇಳಿ. ಚೀಲದಲ್ಲಿ ಕಪ್ಪು ಬಣ್ಣದ 'ರಾಯಲ್ ಗಾರ್ಡ್ಸ್ ಸ್ವೋರ್ಡ್' ಇತ್ತು. ನಾವು ಕಾವಲು ಕತ್ತಿ ಎನ್ನೋಣ. ಎದುರಿಗಿದ್ದ ಪೆಟ್ಟಿಗೆಯಲ್ಲಿ 'ರಾಯಲ್ ಬ್ರಾಡ್‌ಸ್ವೋರ್ಡ್' ಸಿಕ್ಕಿತ್ತು. ಇದು ರಾಜ ಕತ್ತಿ ಆಗಲಿ. ಎರಡೂ ಒಂದೇ ಅಳತೆ, ಒಂದೇ ಕೈಯಲ್ಲಿ ಬೀಸುವಂಥವು. ಚೀಲ ಭರ್ತಿಯಾಗಿತ್ತು. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು.

"ಕಾವಲು ಕತ್ತಿ ಒಂದೇಟಿಗೆ 48, ರಾಜ ಕತ್ತಿ 36. ಹಂಗಾದ್ರೆ 48ರದ್ದೇ ಒಳ್ಳೇದಲ್ವಾ?"

"ಆಯಸ್ಸು ಎಷ್ಟು?"

ಅದನ್ನು ಆಟ ತೋರಿಸುವುದಿಲ್ಲವಂತೆ. ಆದರೆ ಆಡುವವರು ಶೋಧಿಸಿ ಪಟ್ಟಿ ಮಾಡಿದ್ದಾರೆ. ರಾಜ ಕತ್ತಿಗೆ 36 ಏಟು, ಕಾವಲು ಕತ್ತಿಗೆ 14.

ನನಗೆ ಹಳೆಯ ಕೌಂಟರ್ ನೆನಪಾಯಿತು. ಬಡ್ಡಿ ದರ ನೋಡಿ ಓಡಿ ಬರುವವರಿಗೆ "ಅವಧಿಯನ್ನೂ ನೋಡಿ ಸ್ವಾಮಿ" ಎನ್ನುತ್ತಿದ್ದೆ. ಹಳೇ ಕ್ಯಾಲೆಂಡರಿನ ಹಿಂದೆ ಬರೆದೆವು. ರಾಜ ಕತ್ತಿ: 36 ಗುಣಿಸು 36, 1,296. ಕಾವಲು ಕತ್ತಿ: 48 ಗುಣಿಸು 14, 672. ಮುರಿಯುವ ಕೊನೇ ಏಟಿಗೆ ಎರಡರಷ್ಟು ಬಲವಂತೆ. ಅದನ್ನೂ ಸೇರಿಸಿದರೆ 1,332 ಮತ್ತು 720. ನೋಡಲು ಜೋರಾಗಿದ್ದ ಕತ್ತಿ, ಒಟ್ಟು ದುಡಿಮೆಯಲ್ಲಿ ಸುಮಾರು ಅರ್ಧ!

"ಹಂಗಾದ್ರೆ ಕಪ್ಪು ಕತ್ತಿ ಬಿಸಾಕ್ಲಾ?"

"ಇರು. ಯಾರ ಮೇಲೆ ಬೀಸ್ತೀಯ ಅನ್ನೋದೂ ಲೆಕ್ಕಕ್ಕೆ ಬರಬೇಕು."

ಆಟದಲ್ಲಿ ಬೊಕೊಬ್ಲಿನ್ ಎಂಬ ಹಂದಿಮೂತಿಯ ಪುಂಡರಿದ್ದಾರೆ. ಕೆಂಪು ಬಣ್ಣದವನ ಶಕ್ತಿ 13, ನೀಲಿಯವನದು 72, ಕರಿಯವನದು 240, ಬೆಳ್ಳಿ ಬಣ್ಣದವನದು 720. ಕೆಂಪಿನವನಿಗೆ 48ರ ಕತ್ತಿ ಬೀಸಿದರೆ ಒಂದೇಟು ಸಾಕು, ನಿಜ. ಆದರೆ 14 ಬಲದ ಸಿಪಾಯಿ ಕತ್ತಿಗೂ ಒಂದೇಟೇ ಸಾಕು. ಉಳಿದದ್ದು ನಷ್ಟ. ನೀಲಿಯವನಿಗೆ 36ರ ಕತ್ತಿಯಲ್ಲಿ 2 ಏಟು, 48ರದ್ದರಲ್ಲೂ 2. ಅಲ್ಲೂ ಲಾಭವಿಲ್ಲ. ಕರಿಯವನಿಗೆ ಬಂದಾಗ 7 ಏಟು ಹೋಗಿ 5 ಆಗುತ್ತದೆ. ಬೆಳ್ಳಿಯವನಿಗೆ ರಾಜ ಕತ್ತಿಯಲ್ಲಿ 20 ಏಟು ಬೇಕು. ಕಾವಲು ಕತ್ತಿಯಲ್ಲಿ 14 ಏಟು, ಕೊನೆಯದಕ್ಕೆ ದುಪ್ಪಟ್ಟು, ಸರಿಯಾಗಿ 720! ದಿನದ ಕೊನೆಗೆ ನಗದು ಪುಸ್ತಕ ಪೈಸೆಗೆ ಪೈಸೆ ತಾಳೆಯಾದಷ್ಟು ಸಂತೋಷವಾಯಿತು.

"ಈ ಕಪ್ಪು ಕತ್ತಿ ನಿನಗೆ ಸಿಕ್ಕಿ ಎಷ್ಟು ದಿನವಾಯ್ತು?"

"ಒಂದು ತಿಂಗಳು."

"ಎಷ್ಟು ಸಲ ಬಳಸಿದೆ?"

"ಒಂದ್ಸಲಾನೂ ಇಲ್ಲ. ಮುರಿದು ಹೋಗುತ್ತೆ ತಾತ. ದೊಡ್ಡ ಶತ್ರು ಬಂದಾಗ ಇರಲಿ ಅಂತ."

ನಾನು ಏನೂ ಹೇಳಲಿಲ್ಲ. ಮನಸ್ಸು ಒಳಕೋಣೆಯ ಟ್ರಂಕಿನ ಕಡೆ ಹೋಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಾಲ್ಕು ಗಂಟೆಗೆ ಇಬ್ಬರೂ ಊರಿನಲ್ಲೇ ಇರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೊರಟೆವು. ಹಂಪಿಯ ಮಾದರಿ, ಕೃಷ್ಣದೇವರಾಯ ಮತ್ತು ರಾಣಿಯರ ವಿಗ್ರಹ ನೋಡಿಕೊಂಡು ಎಲ್ಲರೂ ಹೋಗಿಬಿಡುತ್ತಾರೆ. ನಾವು ಹಳೆಯ ಆಯುಧಗಳಿರುವ ಕಡೆ ನಿಂತೆವು. "ಇದರ ಮೇಲೆ 36, 48 ಅಂತ ಏನೂ ಬರೆದಿಲ್ಲ" ಎಂದಳು. ಹೌದಲ್ಲವೇ? ಆ ಸಿಪಾಯಿಗೆ ತನ್ನ ಕತ್ತಿಯ ಆಯಸ್ಸು ತೋರಿಸುವ ಪಟ್ಟಿ ಇರಲಿಲ್ಲ. ತಿಳಿದದ್ದು ಯುದ್ಧದಲ್ಲೇ.

"ಗಟ್ಟಿ ಕತ್ತಿ ಯಾಕೆ ಬೇಗ ಮುರಿಯಬೇಕು? ಗಟ್ಟಿ ಇದ್ರೆ ಜಾಸ್ತಿ ದಿನ ಬಾಳಬೇಕಲ್ವಾ?"

ಒಳ್ಳೆಯ ಪ್ರಶ್ನೆ. ಆಟ ಬರೆದವರು ಸುಮ್ಮನೆ ಹಾಗೆ ಬರೆದಿಲ್ಲ. ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಇಂಗಾಲ ಹೆಚ್ಚಿದಷ್ಟೂ ಗಡಸು, ಅಲಗು ಹರಿತ. ಆದರೆ ಬಗ್ಗುವ ಗುಣ ಕಡಿಮೆಯಾಗುತ್ತದೆ, ಏಟಿಗೆ ಚಟಕ್ಕನೆ ಮುರಿಯುತ್ತದೆ. ಬೆಲ್ಲದ ಪಾಕ ನೋಡಿ. ಎಳೆ ಪಾಕವಾದರೆ ಉಂಡೆ ಮೆತ್ತಗೆ ಬಗ್ಗುತ್ತದೆ. ಗಟ್ಟಿ ಪಾಕದ ಚಿಕ್ಕಿ ಹಲ್ಲಿಗೆ ಸವಾಲು ಹಾಕುತ್ತದೆ, ಕೆಳಗೆ ಬಿದ್ದರೆ ಚೂರು ಚೂರು. ಒಳ್ಳೆಯ ಕಮ್ಮಾರ ಇವೆರಡರ ನಡುವೆ ಹದ ಹುಡುಕುತ್ತಾನೆ.

ಆ ಹದದಲ್ಲಿ ನಮ್ಮ ದಕ್ಷಿಣ ಭಾರತದ ಕಮ್ಮಾರರು ಹೆಸರುವಾಸಿ. ಕಬ್ಬಿಣದ ತುಂಡುಗಳನ್ನು ತಂಗಡಿ ಕಟ್ಟಿಗೆ, ಎಕ್ಕದ ಎಲೆ ಮುಂತಾದವುಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿ ಒತ್ತಿ ಕಾಯಿಸುತ್ತಿದ್ದರು. ಹೊರಬಂದ ಉಕ್ಕಿನ ಗಟ್ಟಿ ಹಡಗು ಹತ್ತಿ ಪಶ್ಚಿಮ ಏಷ್ಯಾಕ್ಕೂ ಹೋಗುತ್ತಿತ್ತು. ಇಂಗ್ಲಿಷರು ಅದನ್ನು 'ವೂಟ್ಜ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹೀಗಾಯಿತು ಎನ್ನುತ್ತಾರೆ ವಿದ್ವಾಂಸರು. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ ಕೂಡ 1819ರಲ್ಲಿ ಈ ಉಕ್ಕನ್ನು ಪರೀಕ್ಷಿಸಿ ಲೇಖನ ಬರೆದರು. ಅವರೂ ಕಮ್ಮಾರನ ಮಗ. ಸಂಡೂರು ಬೆಟ್ಟದ ಕೆಂಪು ಅದಿರಿನ ಲಾರಿಗಳನ್ನು ದಿನವೂ ನೋಡುವ ನಮಗೆ ಉಕ್ಕು ಹೊಸದಲ್ಲ. ಆದರೆ ಅದರೊಳಗಿನ ಈ ಹಗ್ಗಜಗ್ಗಾಟವನ್ನು ಮೊಮ್ಮಗಳ ಆಟ ನೆನಪಿಸಿತು.

ಹೊರಗೆ ವೀರಗಲ್ಲುಗಳ ಹತ್ತಿರ ಸ್ವಲ್ಪ ಹೊತ್ತು ಕೂತೆವು. ಸಾಮಾನ್ಯವಾಗಿ ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ವೀರ ಹೋರಾಡುತ್ತಿರುತ್ತಾನೆ, ನಡುವೆ ಅಪ್ಸರೆಯರು ಕರೆದೊಯ್ಯುತ್ತಾರೆ, ಮೇಲೆ ಲಿಂಗದ ಮುಂದೆ ಕೂತಿರುತ್ತಾನೆ. "ಇವನ ಕತ್ತಿ ಮುರೀತಾ?" ಎಂದಳು. ಮುರಿದಿರಬಹುದು. 1565ರ ಜನವರಿಯ ಆ ಯುದ್ಧದಲ್ಲಿ ಎಷ್ಟು ಕತ್ತಿಗಳು ಮುರಿದವೋ. ಅದಕ್ಕೆ ನಾಲ್ಕೈದು ದಶಕ ಮೊದಲು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿ ಮಹಾನವಮಿಯ ಸೈನ್ಯ ಪ್ರದರ್ಶನ ಕಂಡು ಬೆರಗಾಗಿ ಬರೆದಿದ್ದಾನೆ. ಹಬ್ಬದ ದಿನ ಎಲ್ಲ ಕತ್ತಿಯೂ ಹೊಳೆಯುತ್ತದೆ.

ಮನೆಗೆ ಬಂದಕೂಡಲೇ ಅವಳೇ ತೀರ್ಮಾನ ಮಾಡಿದಳು. ಪೆಟ್ಟಿಗೆಯಲ್ಲಿದ್ದ ರಾಜ ಕತ್ತಿ ಎಲ್ಲಿಗೂ ಓಡಿಹೋಗುವುದಿಲ್ಲ. ಚೀಲ ತುಂಬಿದ್ದರೆ ಅದು ಅಲ್ಲೇ ಉಳಿಯುತ್ತದೆ. ಹಾಗಾದರೆ ಕಾವಲು ಕತ್ತಿಯನ್ನು ಬಿಸಾಡುವುದೇಕೆ? ಗುಡ್ಡದ ಮೇಲೆ ಒಬ್ಬ ಬೆಳ್ಳಿ ಬೊಕೊಬ್ಲಿನ್ ಇದ್ದ. ಅವನ ಮೇಲೇ ಖರ್ಚು ಮಾಡಿದರಾಯಿತು.

ನಾನು ಏಟು ಎಣಿಸುತ್ತಾ ಕೂತೆ. ಗಾಳಿಯಲ್ಲಿ ತಪ್ಪಿದ ಏಟಿಗೆ ಕತ್ತಿ ಸವೆಯುವುದಿಲ್ಲ. ಆದರೆ ಎರಡು ಏಟು ಅವನ ಗುರಾಣಿಗೆ ಬಿದ್ದವು. ಅದು ಖರ್ಚಿಗೆ ಬರೆಯಬೇಕಾದ ಬಾಬತ್ತು, ನಾನು ಮರೆತಿದ್ದೆ. ಹದಿನಾಲ್ಕನೆಯದಕ್ಕೆ ಕಾವಲು ಕತ್ತಿ ಚೂರಾಯಿತು, ಪುಂಡ ಇನ್ನೂ ನಿಂತಿದ್ದ. ಅವಳು ಒಂದು ಕ್ಷಣ ಉಸಿರು ಬಿಗಿಹಿಡಿದಳು. ಆಮೇಲೆ 26 ಬಲದ ನೈಟ್ ಕತ್ತಿ ತೆಗೆದು ಇನ್ನು 4 ಏಟಿಗೆ ಮುಗಿಸಿದಳು. "ತಾತ, ನಿನ್ನ ಲೆಕ್ಕ ತಪ್ಪಾಯ್ತು!" ಎಂದು ಕುಣಿದಳು. ತಿಂಗಳಿಡೀ ಕಾಪಾಡಿದ್ದ ಕತ್ತಿ ಹೋಯಿತೆಂದು ಅತ್ತಾಳು ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಅಷ್ಟು ಖುಷಿ ಆ ದಿನವೆಲ್ಲ ನೋಡಿರಲಿಲ್ಲ.

ಈಗ ಟ್ರಂಕಿನ ವಿಷಯ. ನನ್ನ ಹೆಂಡತಿಗೆ ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ ಕೊಡಿಸಿದ್ದೆ. ದಾಳಿಂಬೆ ಬಣ್ಣ, ಹಸಿರು ಅಂಚು. ಆ ವರ್ಷದ ಬೋನಸ್ಸಿನ ಬಹುಪಾಲು ಅದಕ್ಕೇ ಹೋಯಿತು. "ಇರಲಿ ಬಿಡಿ, ಒಳ್ಳೆ ದಿನಕ್ಕೆ ಉಟ್ಟರಾಯ್ತು" ಎಂದು ಮಡಿಸಿಟ್ಟಳು. ಮಗಳ ಮದುವೆಗೆ ಉಡಲಿಲ್ಲ, ಕೆಲಸದ ಗಡಿಬಿಡಿಯಲ್ಲಿ ಕಲೆಯಾದೀತು ಎಂದಳು. ಗೃಹಪ್ರವೇಶಕ್ಕೂ ಉಡಲಿಲ್ಲ. ನಾಲ್ಕು ವರ್ಷದ ಹಿಂದೆ ಅವಳೇ ಹೋದಳು. ಟ್ರಂಕನ್ನು ತೆರೆಯುವ ಧೈರ್ಯ ನನಗೆ ಬಂದಿರಲಿಲ್ಲ.

ಅಂದು ರಾತ್ರಿ ತೆರೆದೆ. ಮಡಿಕೆಯ ಗೆರೆಯುದ್ದಕ್ಕೂ ರೇಷ್ಮೆ ಸೀಳಿತ್ತು. ಒಂದು ಸಲವೂ ಉಡದ ಸೀರೆ! ಬಳಸದೆ ಇಟ್ಟರೂ ಆಯಸ್ಸು ಕರಗುತ್ತದೆ ಎಂದು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬಂದು ಅಂಚು ಸವರಿದಳು. "ಅಜ್ಜಿದಾ? ಮಧ್ಯ ಚೆನ್ನಾಗೇ ಇದೆಯಲ್ಲ ತಾತ" ಎಂದಳು.

ಹೊಸಪೇಟೆಯ ದರ್ಜಿಯೊಬ್ಬರು ಸೀಳನ್ನು ಬಿಟ್ಟು ಕತ್ತರಿಸಿ ಅವಳಿಗೊಂದು ಲಂಗ ಹೊಲಿದುಕೊಟ್ಟರು. ಊರಿಗೆ ಹೊರಡುವ ಹಿಂದಿನ ದಿನ ಅದನ್ನುಟ್ಟು ವಿರೂಪಾಕ್ಷನ ಗುಡಿಗೆ ಬಂದಳು. ಮೆಟ್ಟಿಲ ಮೇಲೆ ಕೂರುವಾಗ ಹಿಂಜರಿದಳು. "ಕೊಳೆ ಆಗುತ್ತೇನೋ ತಾತ."

"ಆಗಲಿ ಬಿಡು, ಕೂತ್ಕೋ" ಎಂದೆ.

ಮಕ್ಕಳೇ, ಎರಡು ಕತ್ತಿ ಎದುರಿಗಿದ್ದಾಗ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಎಷ್ಟು ಏಟು ಬಾಳುತ್ತದೆ, ಯಾರ ಮೇಲೆ ಬೀಸಬೇಕು ಎಂದು ಕೇಳಿಕೊಳ್ಳಿ. ಅಜ್ಜ ಅಜ್ಜಿಯರೇ, ಈ ಆಟಕ್ಕೆ ಅಮೆರಿಕದಲ್ಲಿ 10 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತಿದೆ. ಯಾವ ಆಟವಾದರೂ ಡಬ್ಬಿಯ ಮೇಲಿನ ವಯಸ್ಸಿನ ಗುರುತು ನೋಡಿ ಕೊಡಿ, ಆಮೇಲೆ ಒಂದರ್ಧ ಗಂಟೆ ಪಕ್ಕದಲ್ಲಿ ಕೂರಿ. ಹಾಗೆಯೇ ನಿಮ್ಮ ಟ್ರಂಕನ್ನೂ ಒಮ್ಮೆ ತೆರೆದು ನೋಡಿ.